ಬಾತುಬೇಟೆಗೆ ಹೊರಡುವ ಮುಂಚೆ: ಕೋವಿ, ತೋಟೆ, ವೇಡರ್ಸ್, ಚಾಕು

ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ ಸ್ಟಟ್‌ಗಾರ್ಟ್ ಅಂತ ಒಂದು ಸಣ್ಣ ಊರಿದೆ. ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ. ಮೊದಲ ಸಲ ಹೋದಾಗ ಗಂಗಾವತಿ ಕಡೆ ಬಂದ ಹಾಗೇ ಅನ್ನಿಸಿತು. ಕೊಯ್ಲು ಮುಗಿದ ಮೇಲೆ ರೈತರು ಗದ್ದೆಗೆ ನೀರು ನಿಲ್ಲಿಸುತ್ತಾರೆ. ಉದುರಿದ ಕಾಳು ತಿನ್ನಲು ಕೆನಡಾ ಕಡೆಯಿಂದ ಬಾತುಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಅವುಗಳ ಹಿಂದೆ ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಬೇಟೆಗಾರರು ಬರುತ್ತಾರೆ. ಈಗೀಗ ಅವರಲ್ಲಿ ನಮ್ಮವರೂ ಇದ್ದಾರೆ. ಅದೇ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರು ನಾಲ್ಕು ಗಂಟೆಗೂ ಜಾಸ್ತಿ ಕಾರು ಓಡಿಸಿಕೊಂಡು ಹೋಗುತ್ತಾರೆ. ನಾನೂ ಹಾಗೆ ಹೋದವನೇ.

ಹೊಸಬರು ನನ್ನನ್ನು ಮೊದಲು ಕೇಳುವುದು ಒಂದೇ: ‘ಯಾವ ಕೋವಿ ತಗೊಳ್ಳಲಿ?’ ಕೋವಿಗೆ ಆಮೇಲೆ ಬರೋಣ. ಸಾಮಾನು ಕೊಳ್ಳುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ. ನಾನು ಹೊಡೆದ ಬಾತು ನರಳದೆ ಬಿದ್ದು ನನ್ನ ಕೈಗೆ ಸಿಗುತ್ತದಾ? ನಾನು ಒದ್ದೆಯಾಗದೆ, ಗಾಯವಾಗದೆ ಮನೆಗೆ ವಾಪಸ್ ಬರುತ್ತೇನಾ? ಈ ಎರಡಕ್ಕೂ ಸಹಾಯವಾಗದ ಸಾಮಾನಿಗೆ ದುಡ್ಡು ಹಾಕಬೇಡಿ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಬರೆದದ್ದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತು ಹೊಡೆಯುವುದು ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನಾನು ಅರ್ಕಾನ್ಸಾಸ್‌ನಲ್ಲಿ ನೋಡುವ ಸೂಜಿಬಾಲದ ಬಾತು, ಅದೇ ಜಾತಿಯದ್ದು, ನಮ್ಮ ಕೆರೆಗಳಿಗೂ ಬರುತ್ತದೆ. ಊರಿಗೆ ಹೋದಾಗ ಅಲ್ಲಿಗೆ ಬೈನಾಕ್ಯುಲರ್ ಮಾತ್ರ ತಗೊಂಡು ಹೋಗಿ.

ಕೋವಿಗಿಂತ ಮುಂಚೆ ಕಾಗದ

ವೀಸಾ ಮೇಲಿರುವವರು ಈ ಭಾಗವನ್ನು ಎರಡು ಸಲ ಓದಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವೇ ವಿನಾಯಿತಿಗಳಿವೆ. ನಮಗೆ ಸಂಬಂಧಪಟ್ಟದ್ದು ಒಂದು: ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ನಿಮ್ಮ ಹೆಸರಲ್ಲಿ ಚಾಲ್ತಿಯಲ್ಲಿರಬೇಕು. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಗೆಳೆಯನ ಕೋವಿಯನ್ನು ಸುಮ್ನೆ ಕೈಗೆ ತಗೊಂಡು ನೋಡುವುದಕ್ಕೂ ಇದು ಅನ್ವಯಿಸುತ್ತದೆ. ಲೈಸೆನ್ಸ್ ಅವಧಿ ಮುಗಿದ ದಿನ ಕೋವಿ ನಿಮ್ಮ ಮನೆಯಲ್ಲಿದ್ದರೆ ಅದೂ ತಪ್ಪೇ. ಮುಗಿಯುವ ತಾರೀಖನ್ನು ಫೋನಿನಲ್ಲಿ ಹಾಕಿಡಿ. ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಿ. ಒಂದು ಕೇಸು ಬಿದ್ದರೆ ಹೋಗುವುದು ಬೇಟೆಯಲ್ಲ, ಕೆಲಸವೂ ಮನೆಯೂ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ.

ಲೈಸೆನ್ಸ್ ಬೇಕೆಂದರೆ ಬೇಟೆಗಾರರ ತರಬೇತಿ ಮುಗಿಸಬೇಕು. ಅರ್ಕಾನ್ಸಾಸ್‌ನಲ್ಲಿ 1969 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಇದು ಕಡ್ಡಾಯ. ಸುಮ್ನೆ ಶಾಸ್ತ್ರಕ್ಕೆ ಮುಗಿಸಬೇಡಿ. ಕೋವಿಯ ಬಾಯಿ ಯಾವ ಕಡೆ ಇರಬೇಕು ಅನ್ನುವುದನ್ನು ಕೈಗೆ ರೂಢಿಮಾಡುವ ಪಾಠ ಅದು.

ಇದರ ಮೇಲೆ ರಾಜ್ಯದ ಜಲಪಕ್ಷಿ ಸ್ಟಾಂಪ್ ಬೇಕು, ಅಂದರೆ ದುಡ್ಡು ಕೊಟ್ಟು ತಗೊಳ್ಳುವ ಇನ್ನೊಂದು ಪರವಾನಗಿ. ವಲಸೆ ಹಕ್ಕಿಗಳ ಬೇಟೆ ಲೆಕ್ಕಕ್ಕಾಗಿ ಎಚ್‌ಐಪಿ ನೋಂದಣಿಯೂ ಆಗಬೇಕು. 16 ವರ್ಷ ತುಂಬಿದವರಿಗೆ ಫೆಡರಲ್ ಡಕ್ ಸ್ಟಾಂಪ್ ಬೇಕು. ಈ ಸ್ಟಾಂಪಿನ ಕಥೆ ನನಗೆ ಇಷ್ಟ. 1934ರಲ್ಲಿ ಶುರುವಾದಾಗ ಬೆಲೆ 1 ಡಾಲರ್. ಮೊದಲ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್ ಅನ್ನುವ ವ್ಯಂಗ್ಯಚಿತ್ರಕಾರ. ಈಗ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ಸ್ ಜೌಗುನೆಲ ಕೊಳ್ಳಲು, ಕಾಪಾಡಲು ಹೋಗುತ್ತದೆ. ಬೇಟೆ ಆಡದ ಪಕ್ಷಿಪ್ರಿಯರೂ ಇದನ್ನು ಕೊಳ್ಳುತ್ತಾರೆ. ಕಾಗದದ ಸ್ಟಾಂಪ್ ತಗೊಂಡರೆ ಅದರ ಮೇಲೆ ಇಂಕಿನಲ್ಲಿ ಸಹಿ ಮಾಡಲೇಬೇಕು. ಸಹಿ ಇಲ್ಲದಿದ್ದರೆ ಸ್ಟಾಂಪ್ ಇದ್ದೂ ಇಲ್ಲದ ಹಾಗೆ.

ದಿನಕ್ಕೆ ಎಷ್ಟು ಹೊಡೆಯಬಹುದು ಅನ್ನುವುದನ್ನು ಪ್ರತಿ ವರ್ಷ ಹೊಸದಾಗಿ ಗೊತ್ತುಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಅರ್ಕಾನ್ಸಾಸ್‌ನಲ್ಲಿ ದಿನಕ್ಕೆ 6 ಬಾತು. ಅದರಲ್ಲಿ ಮಲ್ಲಾರ್ಡ್ ಅನ್ನುವ ಜಾತಿಯ ಬಾತು 4, ಆ ನಾಲ್ಕರಲ್ಲಿ ಹೆಣ್ಣು 2ಕ್ಕಿಂತ ಜಾಸ್ತಿ ಇರಬಾರದು. ಹೊಡೆಯಬಹುದಾದ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದವರೆಗೆ. ಕೆಲವು ಜಾಗಗಳಲ್ಲಿ ಇನ್ನೂ ಕಡಿಮೆ. ಆ ಮಸುಕು ಬೆಳಕಲ್ಲಿ ಗಂಡು ಮಲ್ಲಾರ್ಡಿನ ಹಸಿರು ತಲೆ ಕಪ್ಪಾಗೇ ಕಾಣುತ್ತದೆ. ಯಾವ ಹಕ್ಕಿ ಅಂತ ಖಾತ್ರಿಯಾಗದೆ ಟ್ರಿಗರ್ ಮುಟ್ಟಬೇಡಿ.

ಕೋವಿ: ಬೆಲೆಯಲ್ಲ, ಅಳತೆ

ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ತೋಟೆ ಕೋವಿ ಅಂದರೆ 12 ಬೋರ್ ಅಂತಲೇ ಲೆಕ್ಕ. ಇಲ್ಲಿ ಅದನ್ನೇ 12 ಗೇಜ್ ಅನ್ನುತ್ತಾರೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪ ಇರುತ್ತದೋ ನಳಿಗೆಯ ಒಳಗಲ ಅಷ್ಟು, ಸುಮಾರು 18.5 ಮಿಲಿಮೀಟರ್. 20 ಗೇಜ್ ಅಂದರೆ 20 ಗುಂಡು, ಹಾಗಾಗಿ ನಳಿಗೆ ಸಣ್ಣದು. ಜಲಪಕ್ಷಿಗೆ 10 ಗೇಜ್‌ಗಿಂತ ದೊಡ್ಡ ಕೋವಿ ಬಳಸುವಂತಿಲ್ಲ. ಹೊಸಬರಿಗೆ 12 ಗೇಜ್ ಸರಿ. ಮೈಕಟ್ಟು ಸಣ್ಣದಿದ್ದು ಒದೆತ ತಡೆಯಲಾಗದಿದ್ದರೆ 20 ಗೇಜ್ ತಗೊಳ್ಳಿ, ಸಂಕೋಚ ಬೇಡ. 30 ಗಜದೊಳಗೆ ಅದು ಚೆನ್ನಾಗೇ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಎರಡೂ ಗೇಜಿನ ಕೋವಿ ಮನೆಯಲ್ಲಿದ್ದರೆ ತೋಟೆಗಳನ್ನು ಯಾವತ್ತೂ ಒಂದೇ ಚೀಲದಲ್ಲಿ ಇಡಬೇಡಿ. 20 ಗೇಜ್ ತೋಟೆಯನ್ನು 12ರ ಕೋವಿಗೆ ಹಾಕಿದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆ ಅನ್ನಿಸುತ್ತದೆ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಬೆರಳು ಹೋಗುತ್ತದೆ. 20 ಗೇಜ್ ತೋಟೆಗೆ ಹಳದಿ ಬಣ್ಣ ಕೊಟ್ಟಿರುವುದು ಇದಕ್ಕೇ.

ಇನ್ನು ಬಗೆ. ಪಂಪ್ ಕೋವಿಯಲ್ಲಿ ಪ್ರತಿ ಹೊಡೆತದ ನಂತರ ನಳಿಗೆಯ ಕೆಳಗಿನ ಹಿಡಿಯನ್ನು ಮುಂದಿನ ಕೈಯಿಂದ ಹಿಂದೆ ಮುಂದೆ ಎಳೆಯಬೇಕು. ರೆಮಿಂಗ್ಟನ್ 870 ಬಂದಿದ್ದು 1950ರಲ್ಲಿ, ಮಾಸ್‌ಬರ್ಗ್ 500 ಬಂದಿದ್ದು 1961ರಲ್ಲಿ. ಇವತ್ತಿಗೂ ಎರಡೂ ನೀರು, ಕೆಸರು, ಮರಳು ಯಾವುದಕ್ಕೂ ಬಗ್ಗುವುದಿಲ್ಲ. ಸೆಮಿ ಆಟೋಮ್ಯಾಟಿಕ್ ತಾನೇ ಮುಂದಿನ ತೋಟೆ ಹಾಕಿಕೊಳ್ಳುತ್ತದೆ. ಅದರಲ್ಲಿ ಗ್ಯಾಸ್ ಬಗೆಯದ್ದು ಮೆತ್ತಗೆ ಒದೆಯುತ್ತದೆ, ಆದರೆ ಜಾಸ್ತಿ ಉಜ್ಜಿ ತೊಳೆಯಬೇಕು. ಬೆನೆಲ್ಲಿ ತರಹದ ಇನರ್ಷಿಯಾ ಬಗೆಯದ್ದು ಒಳಗೆ ಸ್ವಚ್ಛವಾಗಿರುತ್ತದೆ, ಆದರೆ ಭುಜಕ್ಕೆ ಚೆನ್ನಾಗೇ ಕೊಡುತ್ತದೆ. ಮೊದಲ ಕೋವಿಯಾಗಿ ಸೆಕೆಂಡ್‌ಹ್ಯಾಂಡ್ ಪಂಪ್ ಕೋವಿ ತಗೊಳ್ಳಿ ಅನ್ನುವುದು ನನ್ನ ಸಲಹೆ. ಉಳಿದ ದುಡ್ಡಿಗೆ ಮುಂದೆ ಬೇಕಾದಷ್ಟು ಕೆಲಸವಿದೆ.

ನಿಜಕ್ಕೂ ನೋಡಬೇಕಾದ್ದು ಕೋವಿ ನಿಮ್ಮ ಮೈಗೆ ಹೊಂದುತ್ತದಾ ಅನ್ನುವುದು. ಅಂಗಡಿಗೆ ಹೋಗುವಾಗ ಬೇಟೆಗೆ ಹಾಕುವ ದಪ್ಪ ಜಾಕೆಟ್ಟನ್ನೇ ಹಾಕಿಕೊಂಡು ಹೋಗಿ. ಅಂಗಡಿಯವರ ಅನುಮತಿ ಕೇಳಿ, ಕೋವಿ ಖಾಲಿ ಇದೆ ಅಂತ ನೀವೇ ತೆರೆದು ನೋಡಿ. ಗೋಡೆಯ ಒಂದು ಮೂಲೆ ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಭುಜಕ್ಕೆ ಏರಿಸಿ ಕೆನ್ನೆ ಒತ್ತಿ. ಈಗ ಕಣ್ಣು ಬಿಡಿ. ನಳಿಗೆಯ ತುದಿಯ ಮಣಿ ನೇರ ಕಂಡರೆ ಸರಿ. ನಳಿಗೆಯ ಮೇಲ್ಭಾಗವೆಲ್ಲ ಏರು ರಸ್ತೆಯ ಹಾಗೆ ಕಂಡರೆ ಅಥವಾ ಕೋವಿಯ ಬೆನ್ನು ಮಾತ್ರ ಕಂಡರೆ ಅದು ನಿಮ್ಮದಲ್ಲ. ಇಲ್ಲಿನ ಕೋವಿಗಳ ಹಿಡಿ ಸಾಮಾನ್ಯವಾಗಿ 14 ಇಂಚಿನ ಆಸುಪಾಸು ಉದ್ದ. ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ದಪ್ಪ ಬಟ್ಟೆ ಮೇಲೆ, ಅದು ಉದ್ದವಾಗುತ್ತದೆ. ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕಾಂಪ್ಯಾಕ್ಟ್ ಮಾದರಿ ಕೇಳಿ, ಅಥವಾ ಹಿಡಿ ಕತ್ತರಿಸಿ ಸರಿಮಾಡಿಸಿ.

ಮ್ಯಾಗಜೀನಿನಲ್ಲಿ, ಅಂದರೆ ತೋಟೆ ತುಂಬುವ ಕೊಳವೆಯಲ್ಲಿ, ಪ್ಲಗ್ ಅನ್ನುವ ಅಡ್ಡತುಂಡು ಇರಬೇಕು. ವಲಸೆ ಬಾತಿಗೆ ಹೋಗುವಾಗ ಕೋವಿಯಲ್ಲಿ ಒಟ್ಟು 3 ತೋಟೆಗಿಂತ ಜಾಸ್ತಿ ಹಿಡಿಯಬಾರದು: ನಳಿಗೆಯಲ್ಲಿ ಒಂದು, ಮ್ಯಾಗಜೀನಿನಲ್ಲಿ ಎರಡು. ಕೋವಿ ಬಿಚ್ಚದೆ ತೆಗೆಯಲು ಬಾರದ ಹಾಗೆ ಪ್ಲಗ್ ಕೂತಿರಬೇಕು. ಬಳಸಿದ ಕೋವಿ ಕೊಂಡರೆ ಇದನ್ನು ಮೊದಲು ನೋಡಿ. ಹಿಂದಿನ ಮಾಲೀಕ ತೆಗೆದಿಟ್ಟಿರಬಹುದು.

ತೋಟೆ: ಸೀಸ ಮರೆತುಬಿಡಿ

ನಮ್ಮ ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಟ್ಟ ಜೋಡುನಳಿಗೆ ಇತ್ತು. ಎಲ್‌ಜಿ, ಎಸ್‌ಜಿ, ನಾಲ್ಕನೇ ನಂಬರ್ ಅಂತ ತೋಟೆಗಳ ಹೆಸರು ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದವು. ಎಲ್ಲದರ ಒಳಗೂ ಸೀಸದ ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳು. ಇಲ್ಲಿ ಜಲಪಕ್ಷಿಗೆ ಅದು ನಡೆಯುವುದಿಲ್ಲ. 1987ರಿಂದ ಹಂತ ಹಂತವಾಗಿ ಶುರುಮಾಡಿ 1991ರಲ್ಲಿ ದೇಶಪೂರ್ತಿ ನಿಲ್ಲಿಸಿದರು. ಕಾರಣ ಬಾತಿನ ಹೊಟ್ಟೆಯಲ್ಲೇ ಇದೆ. ಬಾತಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ಕೆರೆಯ ತಳದ ಚರೆಯನ್ನೂ ಕಲ್ಲು ಅಂತಲೇ ನುಂಗುತ್ತದೆ. ಜಠರದಲ್ಲಿ ಸೀಸ ಸವೆದು ರಕ್ತ ಸೇರಿ ಬಾತು ಬಡಕಲಾಗಿ ಸಾಯುತ್ತದೆ. ಅದನ್ನು ತಿಂದ ಬೋಳು ಹದ್ದುಗಳೂ ಸತ್ತವು. ಹಳೆ ಸೀಸದ ತೋಟೆ ಒಂದು ನಿಮ್ಮ ಜೇಬಿನಲ್ಲಿದ್ದರೂ ಸಾಕು, ಹೊಡೆಯದೇ ಇದ್ದರೂ ದಂಡ ಬೀಳುತ್ತದೆ. ಜೇಬುಗಳನ್ನು ಮನೆಯಲ್ಲೇ ಖಾಲಿ ಮಾಡಿ ನೋಡಿ.

ಈಗ ಬಳಸುವುದು ಹೆಚ್ಚಾಗಿ ಉಕ್ಕಿನ ಚರೆ. ಸೀಸದ ಸಾಂದ್ರತೆ 11.3, ಉಕ್ಕಿನದು 7.8. ಅಂದರೆ ಅಷ್ಟೇ ದಪ್ಪದ ಉಕ್ಕಿನ ಚರೆ ಹಗುರ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಸೀಸದಲ್ಲಿ ಬಳಸುತ್ತಿದ್ದುದಕ್ಕಿಂತ ಎರಡು ನಂಬರ್ ದಪ್ಪದ್ದನ್ನು ತಗೊಳ್ಳಬೇಕು. ನಂಬರ್ ಕಡಿಮೆಯಾದಷ್ಟೂ ಚರೆ ದಪ್ಪ ಅನ್ನುವುದು ನೆನಪಿರಲಿ. ಸೀಸದಲ್ಲಿ 4ನೇ ನಂಬರ್ ಬಳಸುತ್ತಿದ್ದವರು ಉಕ್ಕಿನಲ್ಲಿ 2ನೇ ನಂಬರ್ ತಗೊಳ್ಳಬೇಕು. ಅದು 3.8 ಮಿಲಿಮೀಟರ್ ದಪ್ಪ. ಚಿಕ್ಕ ಟೀಲ್ ಬಾತಿಗೆ, ಹತ್ತಿರದ ಹೊಡೆತಕ್ಕೆ 4ನೇ ನಂಬರ್ ಸಾಕು. ಕೆನಡಾ ಹೆಬ್ಬಾತಿಗೆ ಇನ್ನೂ ದಪ್ಪದ ಬಿಬಿ ಚರೆ.

ತೋಟೆಯ ಉದ್ದ 2¾, 3, 3½ ಇಂಚು ಅಂತ ಮೂರು ಬಗೆ. ನಾನು ವರ್ಷಪೂರ್ತಿ 3 ಇಂಚಿನದ್ದನ್ನೇ ಬಳಸುತ್ತೇನೆ. ಅದರಲ್ಲಿ 1¼ ಔನ್ಸ್, ಅಂದರೆ 35 ಗ್ರಾಂ ಚರೆ. 2ನೇ ನಂಬರ್ ಆದರೆ ಸುಮಾರು 156 ಕಾಳು. 3½ ಇಂಚಿನ ತೋಟೆ ಜೋರಾಗಿ ಒದೆಯುತ್ತದೆ. ಒದೆಗೆ ಹೆದರಿದ ಭುಜ ಟ್ರಿಗರ್ ಎಳೆಯುವ ಮುಂಚೆಯೇ ಹಿಂಜರಿಯುತ್ತದೆ, ಗುರಿ ತಪ್ಪುತ್ತದೆ. ಹೊಸಬರಿಗೆ ಅದು ಬೇಡವೇ ಬೇಡ. ಕೋವಿಯ ನಳಿಗೆಯ ಮೇಲೆ ಎಷ್ಟು ಇಂಚಿನ ತೋಟೆ ಅಂತ ಬರೆದಿರುತ್ತದೆ. ಅದಕ್ಕಿಂತ ಉದ್ದದ್ದು ಹಾಕಬಾರದು.

ಉಕ್ಕಿಗಿಂತ ಭಾರದ್ದು ಬೇಕೆಂದರೆ ಬಿಸ್ಮತ್ ಇದೆ, ಸಾಂದ್ರತೆ 9.6. ಉಕ್ಕಿನ ಎರಡು ಮೂರು ಪಟ್ಟು ಬೆಲೆ. ಟಂಗ್‌ಸ್ಟನ್ ಚರೆ 18ರವರೆಗೂ ಹೋಗುತ್ತದೆ, ಬೆಲೆ ಇನ್ನೂ ಮೇಲೆ. ಯಾರಾದರೂ ಹಳೆ ಇಂಗ್ಲಿಷ್ ಜೋಡುನಳಿಗೆ ಕೊಟ್ಟರೆ ಅದರಲ್ಲಿ ಉಕ್ಕು ಹೊಡೆಯಬೇಡಿ. ಉಕ್ಕು ಗಟ್ಟಿ, ಸೀಸದ ಹಾಗೆ ಅಮುಕಿಕೊಳ್ಳುವುದಿಲ್ಲ. ತುದಿ ಕಿರಿದಾದ ಹಳೆ ನಳಿಗೆ ಉಬ್ಬಿಹೋಗುತ್ತದೆ. ಅಂಥ ಕೋವಿಯನ್ನು ಮೊದಲು ಕೋವಿ ಕೆಲಸದವರಿಗೆ ತೋರಿಸಿ, ಬಿಸ್ಮತ್ ಹೊಡೆಯಬಹುದಾ ಅಂತ ಕೇಳಿ.

ಇದೇ ಕಾರಣಕ್ಕೆ ಚೋಕ್ ಕೂಡ ಬೇರೆ. ಚೋಕ್ ಅಂದರೆ ನಳಿಗೆಯ ತುದಿಯಲ್ಲಿ ತಿರುಗಿಸಿ ಹಾಕುವ ಕೊಳವೆ, ಚರೆ ಎಷ್ಟು ಹರಡಬೇಕು ಅನ್ನುವುದನ್ನು ಅದು ನಿರ್ಧರಿಸುತ್ತದೆ. ಉಕ್ಕು ಸಾಮಾನ್ಯವಾಗಿ ಸೀಸಕ್ಕಿಂತ ಒತ್ತಾಗಿ ಹೋಗುತ್ತದೆ. ಹಾಗಾಗಿ ಉಕ್ಕಿಗೆ ತುಂಬ ಬಿಗಿಯಾದ ಫುಲ್ ಚೋಕ್ ಬೇಡ. ಅದಕ್ಕಿಂತ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್ ಅಥವಾ ಮಾಡಿಫೈಡ್ ಸಾಕು.

ಕಾಗದದ ಮೇಲೆ ಹೊಡೆದು ನೋಡಿ

ಈ ಹೆಜ್ಜೆಯನ್ನು ಹತ್ತರಲ್ಲಿ ಎಂಟು ಜನ ಬಿಡುತ್ತಾರೆ ಅಂತ ನನಗೆ ಅನ್ನಿಸುತ್ತದೆ. ನಾನೂ ಮೊದಲ ವರ್ಷ ಬಿಟ್ಟಿದ್ದೆ. ಆ ಜನವರಿಯಲ್ಲಿ ದೂರದ ಒಂದು ಗ್ಯಾಡ್ವಾಲ್ ಬಾತಿಗೆ ಹೊಡೆದೆ. 50 ಗಜಕ್ಕಿಂತ ಆಚೆ ಇತ್ತು. ಕಾಲು ಜೋತುಬಿತ್ತು, ಹಕ್ಕಿ ಹಾರುತ್ತಾ ಹೋಗಿ ಜೊಂಡಿನೊಳಗೆ ಬಿತ್ತು. ಎರಡು ಗಂಟೆ ಹುಡುಕಿದೆ. ಸಿಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಶನಿವಾರವೇ ಗುರಿ ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಕಾಗದ ಕಟ್ಟಿದೆ.

ಮಾಡುವ ರೀತಿ ಸುಲಭ. ನಾಲ್ಕಡಿ ಅಗಲದ ಕಾಗದ ಕಟ್ಟಿ. 40 ಗಜ ಅಳೆದು ನಿಲ್ಲಿ, ಅಂದರೆ 36 ಮೀಟರಿಗೆ ಸ್ವಲ್ಪ ಜಾಸ್ತಿ. ನಡುವಿಗೆ ಒಂದು ಹೊಡೆತ. ಚರೆ ಹೆಚ್ಚು ದಟ್ಟವಾಗಿ ಬಿದ್ದ ಜಾಗವನ್ನು ನಡು ಮಾಡಿಕೊಂಡು 30 ಇಂಚು ಅಡ್ಡಳತೆಯ ವೃತ್ತ ಎಳೆಯಿರಿ. ಒಳಗಿನ ತೂತುಗಳನ್ನು ಎಣಿಸಿ. ಹೀಗೆ ಕನಿಷ್ಠ ಮೂರು ಕಾಗದ. 156 ಕಾಳಿನ ತೋಟೆಯಲ್ಲಿ 90ಕ್ಕಿಂತ ಜಾಸ್ತಿ ವೃತ್ತದೊಳಗೆ ಬಿದ್ದರೆ ನನಗೆ ಸಮಾಧಾನ. ಆಮೇಲೆ ಬಾತಿನ ಮೈ ಅಳತೆಗೆ ಒಂದು ರಟ್ಟು ಕತ್ತರಿಸಿ ವೃತ್ತದ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಒಂದೋ ಎರಡೋ ತೂತು ಮಾತ್ರ ಬೀಳುವ ಖಾಲಿ ಜಾಗಗಳು ಕಂಡರೆ ಚೋಕ್ ಬದಲಿಸಿ, ಇಲ್ಲವೇ ಬೇರೆ ಕಂಪನಿಯ ತೋಟೆ ತನ್ನಿ. ಒಂದೇ ನಂಬರಿನ ಎರಡು ಕಂಪನಿ ತೋಟೆ ಒಂದೇ ಕೋವಿಯಲ್ಲಿ ಬೇರೆ ಬೇರೆ ತರಹ ಹರಡುವುದನ್ನು ಕಣ್ಣಾರೆ ನೋಡುತ್ತೀರಿ. ಇದೇ ಕೆಲಸ 30 ಗಜದಲ್ಲೂ ಮಾಡಿ. ಕಾಗದ ಎಲ್ಲಿಯವರೆಗೆ ಚೆನ್ನಾಗಿದೆಯೋ ಅಲ್ಲಿಯವರೆಗೆ ಮಾತ್ರ ನಿಮ್ಮ ಹೊಡೆತ. ನನ್ನದು 35 ಗಜ. ಅದಕ್ಕಿಂತ ಆಚೆ ಎಷ್ಟೇ ಚೆಂದದ ಹಕ್ಕಿ ಹೋದರೂ ಕೋವಿ ಏರಿಸುವುದಿಲ್ಲ.

ಮಣ್ಣಿನ ತಟ್ಟೆ ಹಾರಿಸುವ ಸ್ಕೀಟ್ ಮೈದಾನಕ್ಕೂ ಸೀಸನ್ನಿಗೆ ಮುಂಚೆ ನಾಲ್ಕೈದು ಸಲ ಹೋಗಿ. ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ ಅಲ್ಲೂ ಬೇಕು, ಗದ್ದೆಯಲ್ಲೂ ಬೇಕು. ಕಿವಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ನೀರು ಮತ್ತು ಚಳಿ

ದುಡ್ಡು ಉಳಿಸಬಾರದ ಜಾಗ ಇದು. ಡಿಸೆಂಬರ್ ಬೆಳಗಿನ ಜಾವ ಸ್ಟಟ್‌ಗಾರ್ಟ್ ಸುತ್ತ ಸೊನ್ನೆ ಡಿಗ್ರಿ ಆಸುಪಾಸು ಇರುವುದು ಮಾಮೂಲು. ತೊಡೆಯವರೆಗೆ ನೀರಿನಲ್ಲಿ ನಾಲ್ಕು ಗಂಟೆ ನಿಲ್ಲಬೇಕು. ವೇಡರ್ಸ್ ಅಂದರೆ ಎದೆಯವರೆಗೆ ಬರುವ, ಬೂಟು ಅಂಟಿಕೊಂಡಿರುವ ನೀರುಬಟ್ಟೆ. ನಿಯೋಪ್ರಿನ್ ಬಗೆಯದ್ದು ಬೆಚ್ಚಗೆ, ಆದರೆ ನಡೆದರೆ ಬೆವರು. ಗಾಳಿಯಾಡುವ ಬಗೆಯದ್ದು ಹಗುರ, ಒಳಗೆ ಉಣ್ಣೆ ಹಾಕಿಕೊಳ್ಳಬೇಕು. ನನಗೆ ಎರಡನೆಯದು ಇಷ್ಟ. ಅಂಗಡಿಯಲ್ಲಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ. ತೊಡೆಸಂದಿ ಬಿಗಿದರೆ ಹೊಲಿಗೆ ಬೇಗ ಬಿಡುತ್ತದೆ. ದಪ್ಪ ಉಣ್ಣೆ ಸಾಕ್ಸಿಗೆ ಜಾಗ ಇರುವ ಹಾಗೆ ಬೂಟು ಒಂದು ಅಳತೆ ದೊಡ್ಡದು ತಗೊಳ್ಳಿ. ಬೂಟು ಬಿಗಿಯಾದರೆ ಕಾಲು ಮರಗಟ್ಟುತ್ತದೆ.

ಮೈಗೆ ಹತ್ತಿ ಬಟ್ಟೆ ಬೇಡ. ನೆನೆದ ಹತ್ತಿ ಮೈಶಾಖವನ್ನು ಹೀರಿಬಿಡುತ್ತದೆ. ಮೆರಿನೋ ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ.

ನನ್ನ ಮೊದಲ ವೇಡರ್ಸ್ ಅಗ್ಗದ್ದು. ಮೂರನೇ ದಿನವೇ ಮೊಣಕಾಲಿನ ಹೊಲಿಗೆಯಲ್ಲಿ ನೀರು ಬಂತು. ಒಂದೂವರೆ ಗಂಟೆಯಲ್ಲಿ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. ಆಮೇಲೆ ಕಲಿತದ್ದು ಇದು: ಸೀಸನ್ನಿಗೆ ಮುಂಚೆ ಕತ್ತಲೆ ಕೋಣೆಯಲ್ಲಿ ವೇಡರ್ಸ್ ಒಳಗೆ ಜೋರು ಟಾರ್ಚ್ ಹಿಡಿಯಿರಿ. ಸೂಜಿ ತೂತಿದ್ದರೂ ನಕ್ಷತ್ರದ ಹಾಗೆ ಹೊಳೆಯುತ್ತದೆ. ಅಲ್ಲಿ ಗುರುತು ಮಾಡಿ ಅಂಟು ಹಚ್ಚಿ.

ಸೊಂಟಕ್ಕೆ ಬೆಲ್ಟ್ ಕಟ್ಟದೆ ನೀರಿಗೆ ಇಳಿಯಬೇಡಿ. ಬಿದ್ದರೆ ನೀರು ಕಾಲಿನವರೆಗೆ ನುಗ್ಗುವುದನ್ನು ಅದು ತಡೆಯುತ್ತದೆ. ನೀರು ತುಂಬಿದ ವೇಡರ್ಸ್ ಕೆಳಗೆ ಎಳೆಯುತ್ತದೆ ಅಂತ ಜನ ಹೆದರುತ್ತಾರೆ. ಒಳಗಿನ ನೀರೂ ಹೊರಗಿನ ನೀರಿನಷ್ಟೇ ಭಾರ, ಎಳೆಯುವುದಿಲ್ಲ. ಕಷ್ಟವಾಗುವುದು ಈಜುವುದು, ಮೇಲೆ ಹತ್ತುವುದು. ಜೀವ ತೆಗೆಯುವುದು ತಣ್ಣೀರಿನ ಆಘಾತ ಮತ್ತು ಗಾಬರಿ. ಬಿದ್ದರೆ ಬೆನ್ನ ಮೇಲೆ ತೇಲಿ, ಕಾಲು ಮೇಲೆತ್ತಿ, ಕೈಯಿಂದ ನೀರು ತಳ್ಳುತ್ತಾ ದಡದ ಕಡೆ ಹೋಗಿ. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡೇ ಇರಿ, ಕೆಳಗೆ ಮಡಚಿಡುವುದಲ್ಲ. ನೀರು ನಿಂತ ಕಾಡಿನಲ್ಲಿ ಬುಡ ಕೊಳೆತ ಮರದ ಗುಂಡಿಗಳಿರುತ್ತವೆ. ಕೈಯಲ್ಲಿ ಒಂದು ಕೋಲು ಇರಲಿ, ಮುಂದಿನ ಹೆಜ್ಜೆ ಕೋಲು ಇಡಲಿ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಬರೆದಿಡಿ.

ಹುಸಿಬಾತು ಮತ್ತು ಸೀಟಿ

ಇದರ ಬಗ್ಗೆ ಚಿಕ್ಕದಾಗಿ. ಒಂದು ಡಜನ್ ಮಲ್ಲಾರ್ಡ್ ಡಿಕಾಯ್, ಅಂದರೆ ನೀರಲ್ಲಿ ತೇಲಿಬಿಡುವ ಹುಸಿಬಾತು, ಸಾಕು. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವ ಹಾಗೆ ಕೂರಿ, ಬಾತುಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಡಿಕಾಯ್‌ಗಳನ್ನು ಎರಡು ಗುಂಪು ಮಾಡಿ ನಡುವೆ ಇಳಿಯಲು ಜಾಗ ಬಿಡಿ. ಅತಿ ದೂರದ ಡಿಕಾಯನ್ನು 35 ಗಜಕ್ಕೆ ಇಡಿ. ಅದರಾಚೆಯ ಹಕ್ಕಿಗೆ ಹೊಡೆಯುವುದಿಲ್ಲ ಅನ್ನುವ ಗೆರೆ ಕಣ್ಣೆದುರೇ ಇರುತ್ತದೆ. ಒಂದು ಡಿಕಾಯಿಗೆ ದಾರ ಕಟ್ಟಿ ಆಗಾಗ ಎಳೆದರೆ ನೀರು ಅಲುಗುತ್ತದೆ. ನಿಂತ ನೀರಿಗಿಂತ ಅಲುಗುವ ನೀರನ್ನು ಬಾತು ನಂಬುತ್ತದೆ.

ಬಾತು ಕರೆಯುವ ಸೀಟಿ ಒಂದೇ ಸಾಕು, ಹೆಣ್ಣು ಮಲ್ಲಾರ್ಡಿನ ದನಿಯದ್ದು. ಸ್ಟಟ್‌ಗಾರ್ಟ್‌ನಲ್ಲಿ 1936ರಿಂದ ಬಾತು ಕೂಗುವ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಆ ದನಿ ನಮಗೆ ಬೇಕಿಲ್ಲ. ನಾಲ್ಕೈದು ಸರಳ ಕೂಗು, ಆಮೇಲೆ ಸುಮ್ಮನಿರುವುದು. ಹತ್ತಿರ ಬಂದ ಹಿಂಡನ್ನು ಜಾಸ್ತಿ ಕೂಗಿ ಓಡಿಸಿದವರೇ ಹೆಚ್ಚು. ಫೋನಿನಲ್ಲಿ ರೆಕಾರ್ಡ್ ಹಾಕುವುದು, ಕಾಳು ಚೆಲ್ಲಿ ಬರಿಸುವುದು ಎರಡೂ ಕಾನೂನಿಗೆ ವಿರುದ್ಧ. ಚೆಲ್ಲಿದ ಕಾಳನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗದಲ್ಲಿ ಹೊಡೆಯುವಂತಿಲ್ಲ. ಬೇರೆ ಯಾರೋ ಚೆಲ್ಲಿದ್ದರೂ ತಪ್ಪು ನಿಮ್ಮ ಮೇಲೆ ಬರಬಹುದು. ಹಾಗಾಗಿ ಕೂರುವ ಮುಂಚೆ ನೆಲ ನೋಡಿ.

ಚಾಕು

ಬಾತಿಗೆ ದೊಡ್ಡ ಚಾಕು ಬೇಡ. ಅಂಗಡಿಯಲ್ಲಿ ಜಿಂಕೆ ಸುಲಿಯುವ ಅಗಲ ಚಾಕುಗಳು ಸೆಳೆಯುತ್ತವೆ. ಬಾತಿನ ಎದೆಮೂಳೆಯ ಪಕ್ಕ ಅದು ತಿರುಗುವುದೇ ಇಲ್ಲ. ಮೂರರಿಂದ ನಾಲ್ಕು ಇಂಚಿನ, ತೆಳು, ಮೊನೆ ಚೂಪಾದ, ಮಡಚದ ಚಾಕು ಬೇಕು. ಮಡಚುವ ಚಾಕುವಿನ ಸಂದಿಗೆ ರಕ್ತ, ಪುಕ್ಕ ಸೇರಿಕೊಳ್ಳುತ್ತದೆ. ಕೈ ಮರಗಟ್ಟಿದಾಗ ಬೆರಳ ಮೇಲೇ ಮಡಚಿಕೊಳ್ಳುವ ಅಪಾಯವೂ ಇದೆ. ಸ್ವೀಡನ್ನಿನ ಮೋರಾ ಚಾಕುಗಳು ಬೆಲೆಗೂ ಕಡಿಮೆ, ರಬ್ಬರ್ ಹಿಡಿ ಒದ್ದೆ ಕೈಯಲ್ಲೂ ಜಾರುವುದಿಲ್ಲ. ನೀರಿನ ಕೆಲಸಕ್ಕೆ ಸ್ಟೇನ್‌ಲೆಸ್ ಅಲಗೇ ಇರಲಿ. ಕಾರ್ಬನ್ ಉಕ್ಕು ಮೊನೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ರಾತ್ರಿ ಮರೆತರೆ ತುಕ್ಕು. ಹಿಡಿ ಕಿತ್ತಳೆ ಬಣ್ಣದ್ದು ತಗೊಳ್ಳಿ. ಹಸಿರು ಹಿಡಿಯ ಚಾಕುವನ್ನು ನಾನು ಜೊಂಡಿನಲ್ಲಿ ಕಳೆದುಕೊಂಡಿದ್ದೇನೆ.

ಇದರ ಜೊತೆ ಒಂದು ಗಟ್ಟಿ ಕತ್ತರಿ. ರೆಕ್ಕೆ, ಕಾಲು, ಕುತ್ತಿಗೆ ಕತ್ತರಿಸಲು ಚಾಕುಗಿಂತ ಅದೇ ವಾಸಿ. ಮೂಳೆ ಮೇಲೆ ಒತ್ತಿ ಚಾಕುವಿನ ಮೊನೆ ಹಾಳುಮಾಡಬೇಡಿ. ಮನೆಯಲ್ಲಿ ಮೆಟ್ಟುಗತ್ತಿ ಬಳಸಿ ರೂಢಿಯಿರುವವರಿಗೆ ಮೊದಲು ಕೈ ಬಗ್ಗುವುದಿಲ್ಲ. ಮೆಟ್ಟುಗತ್ತಿಯಲ್ಲಿ ಮಾಂಸ ಅಲಗಿನ ಕಡೆ ಹೋಗುತ್ತದೆ, ಇಲ್ಲಿ ಅಲಗು ಮಾಂಸದ ಕಡೆ ಬರುತ್ತದೆ. ಯಾವಾಗಲೂ ನಿಮ್ಮಿಂದ ಆಚೆಗೆ ಕೊಯ್ಯಿರಿ.

ಮೊದಲು ಕೈಗೆ ರಬ್ಬರ್ ಗ್ಲೌಸ್. 2022ರಿಂದ ಇಲ್ಲಿನ ಕಾಡುಹಕ್ಕಿಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಕಾಣಿಸಿಕೊಂಡಿದೆ. ಮಂಕಾಗಿ ಕೂತಿದ್ದ, ಹಾರಲಾರದ ಹಕ್ಕಿಯನ್ನು ಮುಟ್ಟಬೇಡಿ. ಎದೆಯ ಪುಕ್ಕ ಕಿತ್ತು, ಚರ್ಮ ಸೀಳಿ, ಎದೆಮೂಳೆಯ ಏಣು ಬೆರಳಿಗೆ ಸಿಗುವಲ್ಲಿಂದ ಚಾಕುವನ್ನು ಮೂಳೆಗೆ ತಾಗಿಸಿಕೊಂಡೇ ಕೆಳಗಿಳಿಸಿ. ಕವಲುಮೂಳೆಯ ಸುತ್ತ ತಿರುಗಿಸಿದರೆ ಎದೆಮಾಂಸ ಇಡಿಯಾಗಿ ಬರುತ್ತದೆ. ಎದೆ ಮಾತ್ರ ತಗೊಂಡು ಉಳಿದದ್ದು ಎಸೆಯುವುದು ಇಲ್ಲಿ ಅನೇಕರ ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಕಾಲು, ಬೆನ್ನು ಹಾಕಿ ಮೆಣಸಿನ ಸಾರು ಮಾಡಿದರೆ ಆ ರುಚಿಯೇ ಬೇರೆ. ಕೊಡಗಿನವರ ಮನೆಯಿಂದ ಸ್ವಲ್ಪ ಕಾಚಂಪುಳಿ ಸಿಕ್ಕರಂತೂ ಕೇಳಲೇಬೇಡಿ.

ಗದ್ದೆಯಲ್ಲೇ ಕೊಯ್ಯುವುದಾದರೆ ಒಂದು ನಿಯಮ ಮರೆಯಬೇಡಿ. ಮನೆ ತಲುಪುವವರೆಗೆ ಪ್ರತಿ ಹಕ್ಕಿಯಲ್ಲೂ ತಲೆ ಅಥವಾ ಪುಕ್ಕವಿರುವ ಒಂದು ರೆಕ್ಕೆ ಅಂಟಿಕೊಂಡಿರಬೇಕು. ಯಾವ ಜಾತಿ ಅಂತ ಅಧಿಕಾರಿಗಳು ಗುರುತಿಸುವುದು ಅದರಿಂದಲೇ. ಕಾಲಿನಲ್ಲಿ ಲೋಹದ ಬಳೆ ಕಂಡರೆ ಅದರ ನಂಬರನ್ನು ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಗೆ ತಿಳಿಸಿ. ಆ ಹಕ್ಕಿಗೆ ಯಾವ ವರ್ಷ, ಎಲ್ಲಿ ಬಳೆ ಹಾಕಿದ್ದರು ಅಂತ ಉತ್ತರ ಬರುತ್ತದೆ.

ಅಡುಗೆಗೆ ಮುಂಚೆ ಮಾಂಸದಲ್ಲಿ ಪುಕ್ಕ ಒಳಹೊಕ್ಕ ತೂತುಗಳನ್ನು ಬೆರಳಿಂದ ಒತ್ತಿ ನೋಡಿ. ಚರೆ ಅಲ್ಲೇ ಇರುತ್ತದೆ. ಉಕ್ಕಿನ ಚರೆ ಕಚ್ಚಿದರೆ ಹಲ್ಲೇ ಮುರಿಯುತ್ತದೆ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಬೇಯಿಸಿ.

ವಾಪಸ್ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಕೋವಿ ಅದೇ ರಾತ್ರಿ ಬಿಚ್ಚಿ. ಖಾಲಿ ಇದೆಯಾ ಅಂತ ಕಣ್ಣಿಂದಲೂ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ನಳಿಗೆ ಒರೆಸಿ, ಎಣ್ಣೆ ತೆಳುವಾಗಿ ಹಚ್ಚಿ. ಚಳಿಯಲ್ಲಿ ದಪ್ಪ ಎಣ್ಣೆ ಗಟ್ಟಿಯಾಗಿ ಕೋವಿಯೇ ಕೆಲಸ ಮಾಡುವುದಿಲ್ಲ. ಗದ್ದೆಯಲ್ಲಿ ಕೋವಿಯ ಬಾಯಿ ಕೆಸರಿಗೆ ತಾಗಿದ್ದರೆ ಅಲ್ಲೇ ತೋಟೆ ತೆಗೆದು ನಳಿಗೆ ನೋಡಬೇಕು. ಒಂದು ಹಿಡಿ ಮಣ್ಣು ಸಾಕು, ನಳಿಗೆ ಸಿಡಿಯಲು. ವೇಡರ್ಸನ್ನು ತಲೆಕೆಳಗಾಗಿ ನೇತುಹಾಕಿ ಒಣಗಿಸಿ. ಕೋವಿ ಒಂದು ಕಡೆ ಬೀಗದಲ್ಲಿ, ತೋಟೆ ಇನ್ನೊಂದು ಕಡೆ ಬೀಗದಲ್ಲಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಕೊನೆಗೆ ನಮ್ಮವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ. ಬೇಟೆಯ ಚೀಲ, ಬೇಟೆಯ ಜಾಕೆಟ್ ಇವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಊರಿಗೆ ಹೋಗುವಾಗ ಅದೇ ಚೀಲ ಕೈಗೆ ಸಿಕ್ಕಿತು ಅಂತ ಬಟ್ಟೆ ತುಂಬಿಕೊಂಡು ಹೊರಟರೆ, ಸಣ್ಣ ಜೇಬಿನಲ್ಲಿ ಒಂದು ತೋಟೆ ಉಳಿದಿರಬಹುದು. ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅದು ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ‘ಮರೆತಿದ್ದೆ’ ಅಂದರೆ ಅಲ್ಲೇ ಬಿಟ್ಟುಬಿಡುವುದಿಲ್ಲ, ಅಮೆರಿಕದ ಲೈಸೆನ್ಸ್ ಅಲ್ಲಿ ನಡೆಯುವುದೂ ಇಲ್ಲ. ನಾನು ನನ್ನ ಬೇಟೆ ಚೀಲದ ಮೇಲೆ ದಪ್ಪ ಮಾರ್ಕರಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ: ‘ಇದು ಗದ್ದೆಗೆ ಮಾತ್ರ’.